ಕ್ಲೀನಕ್ಕ ಒರೆಸಿದ ಗಾಯ

ಅವಳ ಫೋಟೊ ಸ್ಟುಡಿಯೊಗೆ ಬೋರ್ಡಿನಲ್ಲೇನೋ ಒಂದು ಹೆಸರಿತ್ತು. ಬೀದಿಯವರ ಬಾಯಲ್ಲಿ ಮಾತ್ರ ಅವಳು ಕ್ಲೀನಕ್ಕ. ಗುರುತಿನ ಚೀಟಿಯ ಫೋಟೊಗೆಂದು ಯಾರೇ ಬಂದು ಕೂತರೂ ಮೊಡವೆ, ಕಲೆ, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ ಚೊಕ್ಕ ಮುಖವೊಂದನ್ನು ಕೈಗಿಡುತ್ತಿದ್ದಳು.

"ಅಕ್ಕಾ, ಇದು ನಾನೇನಾ?"

"ನೀನೇ ಕಣಪ್ಪ, ಸ್ನಾನ ಮಾಡಿದ ಮೇಲೆ!"

ಗಂಡ ಕಿಟಕಿಗೆ ಗಾಜು ಕೂರಿಸುವವನು. ಮದುವೆಗೆ ಮುಂಚೆಯೇ ಗಾಜಿನ ಹಾಳೆಯೊಂದು ಒಡೆದು, ಎಡಗೆನ್ನೆಯ ಮೇಲೆ ಕಣ್ಣಿನಿಂದ ತುಟಿಯವರೆಗೆ ಗೀರು ಬಿದ್ದಿತ್ತು. ಕತ್ತಲಲ್ಲೂ ಅದು ಅವಳ ಬೆರಳಿಗೆ ಗೊತ್ತಿದ್ದ ದಾರಿ. ಆದರೂ ಅವನ ಫೋಟೊ ಕೈಗೆ ಬಂದರೆ ಮೊದಲು ಒರೆಸುತ್ತಿದ್ದುದು ಅದನ್ನೇ. ಅಕ್ಕರೆಗೆ.

ಆ ಬೆಳಿಗ್ಗೆ ಮಗಳ ತಲೆ ಬಾಚುತ್ತಿದ್ದಾಗ ಗಾಜಿನಂಗಡಿಯ ಮಾಲೀಕರ ಫೋನು ಬಂತು. "ಗಾಬರಿ ಆಗ್ಬೇಡಿ ಅಮ್ಮ. ನಿಮ್ಮವರನ್ನ ಪೊಲೀಸ್ನೋರು ಕರ್ಕೊಂಡು ಹೋದ್ರು. ಹೋದ ವರ್ಷ ಒಡವೆ ಅಂಗಡಿ ಕಳ್ಳತನ ಆಯ್ತಲ್ಲ, ಮುಖ ಗುರುತು ಹಿಡಿಯೋ ಮೆಷಿನ್ನು ಇವರನ್ನೇ ತೋರಿಸ್ತಂತೆ."

ಜಡೆ ಅರ್ಧಕ್ಕೇ ನಿಂತಿತು. ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿದಳು.

ಠಾಣೆಯಲ್ಲಿ ಇನ್ಸ್‌ಪೆಕ್ಟರು ಪರದೆಯನ್ನು ಅವಳತ್ತ ತಿರುಗಿಸಿದರು. ಒಂದು ಕಡೆ ಅಂಗಡಿಯ ಕ್ಯಾಮೆರಾಕ್ಕೆ ಸಿಕ್ಕ ಕಳ್ಳ, ಪಕ್ಕದಲ್ಲಿ ಗಂಡನ ಗುರುತಿನ ಚೀಟಿಯ ಫೋಟೊ. ಎರಡೂ ನುಣ್ಣನೆಯ ಕೆನ್ನೆ.

"ಸಾರ್, ಕಳ್ಳನಿಗೆ ಗಾಯದ ಗುರುತೇ ಇಲ್ಲ. ಇವರ ಮುಖ ನೋಡಿ, ಇಲ್ಲೇ ಕೂತಿದಾರಲ್ಲ!"

"ಫೋಟೊದಲ್ಲೂ ಇಲ್ವಲ್ಲಮ್ಮ. ಗಾಯ ಆಮೇಲೆ ಮಾಡ್ಕೊಂಡಿರ್ಬಹುದು."

"ಫೋಟೊದಲ್ಲಿ ಒರೆಸಿದ್ದು ನಾನು ಸಾರ್."

ಇನ್ಸ್‌ಪೆಕ್ಟರು ಈಗ ಅವಳನ್ನೇ ಸರಿಯಾಗಿ ನೋಡಿದರು. "ಓಹೋ. ಮುಖ ಬದಲಾಯಿಸೋದೇ ನಿಮ್ಮ ಕಸುಬೋ? ಗಾಯ ಇರೋ ಹಳೇ ಫೋಟೊ ಇದ್ರೆ ತನ್ನಿ. ಇಲ್ದಿದ್ರೆ ಇವರು ಇಲ್ಲೇ ಇರ್ತಾರೆ."

ಮನೆಗೆ ಬಂದು ಮದುವೆಯ ಆಲ್ಬಮ್ ತೆರೆದಳು. ನುಣ್ಣನೆಯ ಕೆನ್ನೆ. ಆಸ್ಪತ್ರೆಯಲ್ಲಿ ಮಗುವನ್ನೆತ್ತಿಕೊಂಡ ಫೋಟೊ. ಅದೂ ನುಣ್ಣಗೆ. ತಿದ್ದುವ ಮೊದಲಿನವನ್ನು ಅವಳು ಇಟ್ಟುಕೊಂಡವಳೇ ಅಲ್ಲ. ಕಸವನ್ನು ಯಾರು ಕೂಡಿಡುತ್ತಾರೆ? ಇಡೀ ಮನೆಯಲ್ಲಿ ತನ್ನ ಗಂಡನ ನಿಜವಾದ ಮುಖ ಒಂದೂ ಇಲ್ಲ.

ಅಳುತ್ತ ಕೂತರೆ ಆಗದೆಂದು ಎದ್ದವಳಿಗೆ ಆಟಿಕೆ ಬುಟ್ಟಿ ಕಾಲಿಗೆ ತಾಗಿತು. ಅದರಲ್ಲಿತ್ತು, ಮಗಳಿಗೆ ಆಡಲು ಕೊಟ್ಟಿದ್ದ ಒಡಕು ಫೋನು. ಚಾರ್ಜಿಗೆ ಹಾಕಿ, ಅದು ಬೆಳಗಿದೊಡನೆ ಮಗಳು ಆಟಕ್ಕೆ ತೆಗೆದಿದ್ದ ಫೋಟೊಗಳನ್ನು ಒಂದೊಂದಾಗಿ ಸರಿಸಿದಳು. ಸೂರು, ಸೊಟ್ಟ ಬಾಗಿಲು, ಯಾರದೋ ಕಾಲು. ಕೊನೆಗೆ, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ಅವನು. ಎಡಗೆನ್ನೆ ಮೇಲ್ಮುಖವಾಗಿದೆ, ಗೀರು ಎದ್ದು ಕಾಣುತ್ತಿದೆ, ತಾರೀಖು ಕಳ್ಳತನಕ್ಕಿಂತ ಹಿಂದಿನದು. ಮಗುವನ್ನೆತ್ತಿಕೊಂಡು, ಫೋನು ಹಿಡಿದು ಮತ್ತೆ ಠಾಣೆಗೆ ಓಡಿದಳು.

ಇನ್ಸ್‌ಪೆಕ್ಟರು ಹಿಂದೆ ಮುಂದೆ ನೋಡಿ, ಕೊನೆಗೆ ಕೈ ಬೀಸಿದರು. "ಹೊರಡಿ. ಕರೆದಾಗ ಬರ್ಬೇಕು."

"ಗಾಯ ಇರೋ ಹೊಸ ಫೋಟೊ ಕೊಡ್ತೀನಿ ಸಾರ್. ಹಳೇದನ್ನ ಮೆಷಿನ್ನಿಂದ ತೆಗೆದುಬಿಡಿ."

"ಹೊಸದು ಕೊಡಿ. ಹಳೇದು ತೆಗೆಯೋದು ನಮ್ಮ ಕೈಲಿಲ್ಲ, ಅದೂ ಇರುತ್ತೆ."

ಮೂವರೂ ಮನೆಯತ್ತ ಹೊರಟರು. ವೃತ್ತದ ಕಂಬದ ಮೇಲೊಂದು ಕ್ಯಾಮೆರಾ ಇತ್ತು. ಅವನು ಅದರ ಕೆಳಗೆ ನಿಂತು, ಎಡಗೆನ್ನೆಯನ್ನು ಮೇಲಕ್ಕೆತ್ತಿ ಹಿಡಿದ.

"ಅಪ್ಪ ಫೋಟೊ ತೆಗೆಸ್ಕೊಳ್ತಿದಾನೆ!" ಎಂದು ಮಗಳು ನಕ್ಕಳು.

"ಬನ್ರೀ, ಹೋಗೋಣ," ಎಂದು ಅವಳು ಕೈ ಜಗ್ಗಿದಳು.

"ಇರು. ಸರಿಯಾಗಿ ನೋಡ್ಕೊಳ್ಳಲಿ," ಎಂದ ಅವನು, ಅಲ್ಲಾಡದೆ.