ಏರಿಯ ಮೇಲಿನ ಅಪ್ಪನ ಮರ

ನನ್ನ ಅಪ್ಪನದು ಕನ್ನಡಕದ ಅಂಗಡಿ. ಅಂಗಡಿ ಅಂದರೆ ಒಂದೇ ಕೋಣೆ. ಮೂರು ಗೋಡೆಗೆ ಕನ್ನಡಿ, ನಾಲ್ಕನೆಯದಕ್ಕೆ ಅಕ್ಷರಗಳು ಸಾಲಿನಿಂದ ಸಾಲಿಗೆ ಚಿಕ್ಕದಾಗುತ್ತ ಹೋಗುವ ಹಲಗೆ. ಬಂದವರು ಆ ಹಲಗೆ ಓದಿ ಮುಗಿಸುವಷ್ಟರಲ್ಲಿ ಅಪ್ಪ ತನ್ನ ಜೀವನಚರಿತ್ರೆಯ ಅರ್ಧ ಹೇಳಿ ಮುಗಿಸಿರುತ್ತಿದ್ದ. ಉಳಿದರ್ಧ ಫ್ರೇಮ್ ಆರಿಸುವಾಗ. ಎಲ್ಲಿಂದ ಶುರುವಾದರೂ ಕಥೆ ಬಂದು ನಿಲ್ಲುವ ಜಾಗ ಮಾತ್ರ ಒಂದೇ.

"ಹನ್ನೆರಡನೇ ವಯಸ್ಸಿಗೇ ಇಡೀ ಕೆರೆ ಈಜಿ ದಾಟಿದವನು ನಾನು. ಬೇಕಾದ್ರೆ ಏರಿ ಮೇಲೆ ಹೋಗಿ ನೋಡಿ. ಎಲ್ಲಕ್ಕಿಂತ ಎತ್ತರದ ಮರ ನಂದೇ."

ಪಾಪ, ಅವರು ಬಂದಿದ್ದು ಮೂಗಿನ ಮೇಲಿಂದ ಜಾರುವ ಕನ್ನಡಕ ಸರಿಮಾಡಿಸಿಕೊಳ್ಳಲು.

ಆ ಕೆರೆ ಸರ್ಕಾರದ್ದಲ್ಲ. ನಮ್ಮ ತಾತಂದಿರ ಕಾಲದಲ್ಲಿ ಅಕ್ಕಪಕ್ಕದ ಮನೆಯವರು ಸೇರಿ, ತಗ್ಗಿನಲ್ಲಿ ಹರಿಯುತ್ತಿದ್ದ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ್ದರು. ಬೆಳೆಗಲ್ಲ, ಕುಡಿಯುವುದಕ್ಕೂ ಅಲ್ಲ. ಬರೀ ಈಜಾಡುವುದಕ್ಕೆ, ದೋಣಿ ನಡೆಸುವುದಕ್ಕೆ, ಗಾಳ ಹಾಕಿಕೊಂಡು ಮೀನು ಬೀಳದಿದ್ದರೂ ಬೇಜಾರಿಲ್ಲದೆ ಕೂರುವುದಕ್ಕೆ. ಇಷ್ಟು ಅಪ್ಪಟ ಸೋಮಾರಿತನಕ್ಕಾಗಿ ಅಷ್ಟೊಂದು ಮಣ್ಣು ಹೊತ್ತ ಆ ಹಿರಿಯರನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ. ಅವರು ಒಂದು ಪದ್ಧತಿಯನ್ನೂ ಬಿಟ್ಟುಹೋಗಿದ್ದರು. ಯಾವ ಮಗು ಮೊದಲ ಸಲ ಎದುರು ದಡದಿಂದ ಏರಿಯವರೆಗೆ ಈಜಿ ಬರುತ್ತದೋ ಅದು ಏರಿಯ ಮೇಲೆ ಒಂದು ಗಿಡ ನೆಡಬೇಕು. ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಏರಿ ಗಟ್ಟಿಯಾಗುತ್ತದೆ ಎಂಬುದು ಎಲ್ಲರ ನಂಬಿಕೆ. ನೆಟ್ಟವರ ಮಾತಿಲ್ಲದೆ ಆ ಮರದ ಒಂದು ಕೊಂಬೆಯನ್ನೂ ಯಾರೂ ಮುಟ್ಟುವಂತಿಲ್ಲ. ನಾನೂ ಒಂದು ನೆಟ್ಟಿದ್ದೆ. ಕುಳ್ಳ ಮರ, ಎಲೆಗಿಂತ ಇರುವೆಯೇ ಜಾಸ್ತಿ.

ಏರಿ ನೋಡಿಕೊಳ್ಳುವವಳು ಅತ್ತೆ, ಅಂದರೆ ಅಪ್ಪನ ಅಕ್ಕ. ಹಿಂದೆ ಬಸ್ ಕಂಡಕ್ಟರ್ ಆಗಿದ್ದವಳು. ಈಗಲೂ ದೋಣಿಗೆ ಜನ ಹತ್ತಿಸುವಾಗ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಗದರುತ್ತಾಳೆ. ನಮ್ಮ ದೋಣಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರೆ ನೀರೇ.

ಈ ವರ್ಷ ಏರಿಯ ತಪಾಸಣೆಗೆ ಒಬ್ಬ ಎಂಜಿನಿಯರಮ್ಮ ಬಂದಳು. ಕೆರೆಯ ನೀರು ಹೊರಬಿಡುವ ತೂಬು ತಿರುಗಿಸಿ ನೋಡಿದಳು, ಹೆಚ್ಚಾದ ನೀರು ಹರಿದುಹೋಗುವ ಕೋಡಿಯನ್ನು ನೋಡಿದಳು, ಎಲ್ಲ ಚೆನ್ನಾಗಿದೆ ಅಂದಳು. ಆಮೇಲೆ ಮರಗಳ ಸಾಲಿನ ಮುಂದೆ ನಿಂತು ತಲೆ ಮೇಲೆ ಕೈ ಇಟ್ಟುಕೊಂಡಳು.

"ಇದನ್ನೆಲ್ಲ ಯಾರು ನೆಟ್ಟಿದ್ದು?"

ಅಲ್ಲಿದ್ದವರೆಲ್ಲ ಹೆಮ್ಮೆಯಿಂದ ಕೈ ಎತ್ತಿದೆವು.

"ಮೊದಲು ಕೈ ಇಳಿಸಿ," ಅಂದಳು. "ಮಣ್ಣಿನ ಏರಿ ಮೇಲೆ ಮರ ಬೆಳೆಸ್ತಾರೇನ್ರೀ? ಮರ ಸತ್ರೆ ಬೇರು ಕೊಳೆಯುತ್ತೆ, ಆ ಜಾಗದಲ್ಲಿ ತೂತು ಬೀಳುತ್ತೆ, ನೀರು ಅದೇ ದಾರಿ ಹಿಡಿಯುತ್ತೆ. ಗಾಳಿಗೆ ಉರುಳಿದ್ರಂತೂ ಏರಿಯ ಅರ್ಧ ಮಣ್ಣನ್ನೇ ಕಿತ್ಕೊಂಡು ಬೀಳುತ್ತೆ. ಮಳೆಗಾಲಕ್ಕೆ ಮುಂಚೆ ಎಲ್ಲಾ ಬೇರುಸಮೇತ ಹೋಗ್ಬೇಕು, ಗುಂಡಿಗೆ ಮಣ್ಣು ತುಂಬ್ಬೇಕು. ಒಂದು ಮರ ಉಳಿದ್ರೂ ತೂಬು ತೆಗೆಸಿ ಕೆರೆ ಖಾಲಿ ಮಾಡಿಸ್ತೀನಿ."

ಬೇಸರವಾಗದೇ ಇರುತ್ತದೆಯೇ? ಕೆಲವರು ಮರ ತಬ್ಬಿಕೊಂಡು ಅತ್ತರು, ಕೆಲವರು ಫೋಟೊ ತೆಗೆಸಿಕೊಂಡರು. ಆದರೆ ಕೆರೆಯೇ ಇಲ್ಲದ ಮೇಲೆ ಏರಿಯ ಮೇಲಿನ ಮರ ಯಾತಕ್ಕೆ? ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿದರು. ನನ್ನದಂತೂ ಇರುವೆಗಳ ಒಪ್ಪಿಗೆಯನ್ನೂ ಸೇರಿಸಿ ಕೊಟ್ಟೆ.

ಅಪ್ಪ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಆ ಎಂಜಿನಿಯರಮ್ಮನಿಗೆ ದೃಷ್ಟಿದೋಷ ಇದೆ, ಅಂಗಡಿಗೆ ಕಳಿಸು," ಅಂದ. ಅಕ್ಕಪಕ್ಕದವರು ಬಂದು ಕೈಮುಗಿದು ಕೇಳಿದರೆ, ಮುಖ ತಿರುಗಿಸಿಕೊಂಡು ಗಾಜು ಒರೆಸುತ್ತ ಕೂತ. ಇವನೊಬ್ಬನ ಹಠಕ್ಕೆ ಇಡೀ ಕೇರಿಯ ಮಕ್ಕಳ ಬೇಸಿಗೆ ಹಾಳಾಗುತ್ತಲ್ಲ ಅಂತ ನನಗೆ ಪಿತ್ತ ನೆತ್ತಿಗೇರಿತು. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ಇಟ್ಟೆ.

ಒಂದು ಬೆಳಿಗ್ಗೆ ಅತ್ತೆ ಬಂದಳು. ಚಪ್ಪಲಿಗೆ ಮೆತ್ತಿದ್ದ ಏರಿಯ ಮಣ್ಣನ್ನು ಬಾಗಿಲಲ್ಲಿ ಕೊಡವಿ, ಸೀದಾ ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಏನೋ, ನೀನಾಗೇ ಹೇಳ್ತೀಯೋ, ನಾನು ಹೇಳ್ಲೋ?"

ಅಪ್ಪನ ಮುಖ ಸುಣ್ಣದ ಗೋಡೆಯಂತಾಯಿತು. ಚಹಾ ಅರ್ಧಕ್ಕೇ ಬಿಟ್ಟು ಅಂಗಡಿಗೆ ಹೊರಟ. ನಾನೂ ಬೆನ್ನು ಹತ್ತಿದೆ.

ಅಂಗಡಿಯಲ್ಲಿ ಮೂರು ಕನ್ನಡಿಯಲ್ಲೂ ಅಪ್ಪನೇ. ಎಲ್ಲಿ ನೋಡಿದರೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಒಂದೇ ಗಾಜನ್ನು ಮತ್ತೆ ಮತ್ತೆ ಒರೆಸುತ್ತ ಕೊನೆಗೆ ಬಾಯಿಬಿಟ್ಟ.

"ನಾನು ದಾಟಲಿಲ್ಲ ಕಣೇ."

"ಏನನ್ನ?"

"ಕೆರೇನ. ನಡುವಲ್ಲಿ ಕಾಲು ಹಿಡ್ಕೊಳ್ತು. ಅಕ್ಕ ಮುಂದೆ ದೋಣಿ ನಡೆಸ್ತಿದ್ಲು, ಅದರ ಹಿಂದೆ ಹಗ್ಗ ತೇಲ್ತಿತ್ತು. ಹಿಡ್ಕೊಂಡೆ. ಏರಿ ಮೇಲಿದ್ದೋರಿಗೆ ನನ್ನ ತಲೆ ಒಂದೇ ಕಾಣ್ತಿದ್ದಿದ್ದು. ಏರಿ ಹತ್ರ ಬಂದಾಗ ಬಿಟ್ಟೆ. ಎಲ್ರೂ ಚಪ್ಪಾಳೆ ಹೊಡೆದ್ರು, ಕೈಗೆ ಗಿಡ ಕೊಟ್ರು. ಅಕ್ಕ ಇವತ್ತಿನವರೆಗೂ ಯಾರ ಹತ್ರಾನೂ ಬಾಯಿಬಿಟ್ಟಿಲ್ಲ. ಈಗ ಆ ಮರಾನೂ ಹೋದ್ರೆ ನಾನು ದಾಟಿದ್ದೆ ಅನ್ನೋಕೆ ಏನಿದೆ ಹೇಳು?"

ನನಗೆ ತಡೆಯಲಾರದಷ್ಟು ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಕಣ್ಣೊರೆಸಿಕೊಂಡು ನೋಡಿದರೆ ಆ ಮುಖದಲ್ಲಿ ಹನ್ನೆರಡು ವರ್ಷದ ಹುಡುಗನೇ ಬೆಪ್ಪಾಗಿ ಕೂತಿದ್ದ. ಇಷ್ಟು ವರ್ಷ ತನ್ನದೇ ಮರಕ್ಕೆ ಹೆದರಿಕೊಂಡು ಬದುಕಿದ್ದನಲ್ಲ ನನ್ನಪ್ಪ!

"ಮರ ಹೋದ್ರೆ ಹೋಗ್ಲಿ," ಅಂದೆ. "ಕೆರೆ ಇನ್ನೂ ಅಲ್ಲೇ ಇದೆಯಲ್ಲಪ್ಪಾ."

ಅಪ್ಪ ಒರೆಸುವುದನ್ನು ನಿಲ್ಲಿಸಿದ. ಗಾಜು ಕೆಳಗಿಟ್ಟು, "ಮರ ಕಡಿಯೋರು ಬರೋದು ಯಾವತ್ತು?" ಅಂತ ಕೇಳಿದ.

ಅಂದಿನಿಂದ ಬೆಳಗಾದರೆ ಕೆರೆಯ ಅಂಚಿನಲ್ಲಿ ಒಂದು ಬೋಳುತಲೆ, ದಡದಲ್ಲಿ ಒಬ್ಬ ಕಂಡಕ್ಟರ್. "ಕೈ ಚಾಚು! ಕಾಲು ಬಡಿ! ಅಲ್ಲೇ ನಿಲ್ಲೋಕೆ ಅದೇನು ಸ್ಟಾಪಾ?" ಅಪ್ಪನಿಗೆ ಈಜು ಮರೆತಿರಲಿಲ್ಲ, ಧೈರ್ಯ ಮರೆತಿತ್ತು. ಎದೆಮಟ್ಟದ ನೀರು ದಾಟಿದ ದಿನ ಮನೆಗೆ ಬಂದು ಊಟಕ್ಕೆ ಎರಡು ಸಲ ಬಡಿಸಿಕೊಂಡ.

ಕಡಿಯುವವರು ಬಂದರು. ಒಂದೊಂದೇ ಮರ ಉರುಳುತ್ತ, ಅಪ್ಪನದೊಂದು ಉಳಿಯಿತು. ಏರಿಯ ಮೇಲೆ ಜನವೋ ಜನ. ಅಪ್ಪ ಚಡ್ಡಿಯಲ್ಲಿ ಬಂದು ನಿಂತ. ಹೊಟ್ಟೆ ಒಳಗೆಳೆದುಕೊಳ್ಳಲು ನೋಡಿ ಸೋತು, ಗಂಟಲು ಸರಿಮಾಡಿಕೊಂಡ.

"ಎಲ್ರೂ ಕೇಳಿ. ಅವತ್ತು ನಾನು ಈಜಿ ಬರಲಿಲ್ಲ. ದೋಣಿ ಹಗ್ಗ ಹಿಡ್ಕೊಂಡು ಬಂದೆ. ಇಷ್ಟು ವರ್ಷ ಸುಳ್ಳು ಹೇಳಿದ್ದೀನಿ. ಇವತ್ತು ಈಜ್ತೀನಿ, ಆಮೇಲೆ ಮರ ಕಡೀರಿ."

ಅತ್ತೆ ದೋಣಿಯಿಂದ, "ಭಾಷಣ ಆಯ್ತಾ? ಹತ್ತು, ಮುಂದೆ ಹೋಗು," ಅಂದಳು. ಆ ಹಗ್ಗವನ್ನು ಸುರುಳಿ ಸುತ್ತಿ, ಅದರ ಮೇಲೇ ಕೂತು, ತಮ್ಮನನ್ನು ಎದುರು ದಡಕ್ಕೆ ಬಿಟ್ಟಳು.

ಅಪ್ಪನ ಕನ್ನಡಕ ನನ್ನ ಕೈಯಲ್ಲಿತ್ತು. ಆಗ ನೆನಪಾಯಿತು, ಇದಿಲ್ಲದೆ ಅವನಿಗೆ ಮಾರುದೂರದ ಎಮ್ಮೆಯೂ ಕಾಣುವುದಿಲ್ಲ. ಏರಿ ಯಾವ ಕಡೆಗಿದೆ ಅಂತ ಹೇಗೆ ತಿಳಿಯಬೇಕು?

"ಕೂಗ್ರೋ!" ಅಂತ ಕಿರುಚಿದೆ. "ಅವನಿಗೆ ಕಣ್ಣು ಕಾಣಲ್ಲ, ಕೂಗಿ!"

ಇಡೀ ಏರಿ ಕೂಗಿತು. ಅವನಿಂದ ಕನ್ನಡಕ ಹಾಕಿಸಿಕೊಂಡವರು, ಅದೇ ಕಥೆಯನ್ನು ಹತ್ತು ಸಲ ಕೇಳಿ ಬೇಸತ್ತವರು, ಮೊನ್ನೆ ತಾನೇ ಮುನಿಸಿಕೊಂಡಿದ್ದವರು, ಎಲ್ಲರೂ ಗಂಟಲು ಹರಿಯುವಂತೆ ಕೂಗಿದರು. ಸದ್ದು ಬಂದ ಕಡೆಗೆ ಆ ಬೋಳುತಲೆ ನಿಧಾನವಾಗಿ ಹೊರಟಿತು. ನಡುನೀರಿನಲ್ಲಿ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ದೋಣಿಯಲ್ಲಿ ಅತ್ತೆ ಹುಟ್ಟು ಮೇಲೆತ್ತಿ ಹಿಡಿದಳು. ಅಪ್ಪ ಅಂಗಾತ ತೇಲಿದ, ಕಾಲು ಒದರಿಕೊಂಡ, ಮಗುಚಿದ, ಮತ್ತೆ ಕೈ ಬೀಸಿದ.

ಏರಿಯ ಬುಡದ ಕೆಸರಿನಲ್ಲಿ ಎದ್ದು ನಿಂತಾಗ ನಾವು ಮಾಡಿದ ಗಲಾಟೆಗೆ ಹಕ್ಕಿಗಳೆಲ್ಲ ಹಾರಿಹೋದವು. ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ. ಅಪ್ಪ ಯಾರ ಕಡೆಗೂ ನೋಡದೆ ನೀರು ಸುರಿಸುತ್ತ ಏರಿ ಹತ್ತಿ, ತಡಕಾಡಿ ತನ್ನ ಮರ ಹುಡುಕಿ, ಅದಕ್ಕೊರಗಿ ಒಂದಷ್ಟು ಹೊತ್ತು ಏದುಸಿರು ಬಿಟ್ಟ. ಆಮೇಲೆ ಗರಗಸದವನ ಕಡೆ ತಿರುಗಿದ.

"ಇನ್ನೂ ಯಾರ ಮುಖ ನೋಡ್ತಾ ನಿಂತಿದ್ದೀಯಪ್ಪಾ? ಕಡಿ. ನನಗಿನ್ನು ಇದು ಬೇಕಾಗಿಲ್ಲ."

ಅಷ್ಟು ಹೇಳಿ, ಗಡಗಡ ನಡುಗುತ್ತ, ಟವೆಲ್ ಎಲ್ಲಿ ಅಂತ ನನ್ನನ್ನು ಕೇಳಿದ.