ಗಾಣದ ಗಾಡಿಗೆ ಬ್ರೇಕ್ ಹಿಡಿದದ್ದು

ಅಕ್ಕನಿಗೆ ಚನ್ನರಾಯಪಟ್ಟಣದಲ್ಲಿ ಒಂದು ಎಣ್ಣೆ ಗಾಣವಿದೆ. ಕೊಬ್ಬರಿ, ಕಡಲೆಕಾಯಿ, ಹುಚ್ಚೆಳ್ಳು ತಂದವರಿಗೆ ಕಣ್ಣೆದುರೇ ಎಣ್ಣೆ ತೆಗೆದು ಕೊಡುತ್ತಾಳೆ. ಹಳ್ಳಿಗಳಿಂದ ಮೂಟೆ ಹೊತ್ತು ಬಸ್ಸು ಹತ್ತಿ ಬರುವ ಹೆಂಗಸರನ್ನು ನೋಡಿ ನೋಡಿ, ಇವರು ಬರುವ ಬದಲು ಗಾಣವೇ ಇವರ ಬಾಗಿಲಿಗೆ ಹೋದರೇನು ಅಂತ ಒಂದು ದಿನ ಅವಳಿಗೆ ಹೊಳೆಯಿತು. ಹೊಳೆದ ಮೇಲೆ ಸುಮ್ಮನೆ ಕೂರುವವಳಲ್ಲ ಅವಳು. ಕೊಯಮತ್ತೂರಿನ ಕಡೆಯಿಂದ ಹಳೆಯದೊಂದು ಟ್ರೈಲರ್ ತರಿಸಿ, ಅದರ ಮೇಲೆ ಚಿಕ್ಕ ಗಾಣವನ್ನೂ ಜನರೇಟರನ್ನೂ ಕೂರಿಸಿದಳು. ಎಳೆಯುವುದಕ್ಕೆ ಅಪ್ಪನ ಕಾಲದ ಫೋರ್‌ವೀಲ್ ಜೀಪಿತ್ತು, ನನಗಿಂತ ಎರಡೇ ವರ್ಷ ಚಿಕ್ಕದು. ಓಡಿಸುವುದಕ್ಕೆ ನಾನಿದ್ದೆ. ಪಿಯುಸಿ ಓದುವಾಗಲೇ ಅಪ್ಪ ಪಕ್ಕದಲ್ಲಿ ಕೂತು ಅದೇ ಜೀಪಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದ್ದರು.

ಮೊದಲ ಸಲ ಹೊರಟದ್ದು ಅರಕಲಗೂಡಿನ ಕಡೆಗೆ. ಹೋಗುವ ದಾರಿಯಲ್ಲಿ ಒಂದು ಇಳಿಜಾರು. ಅರ್ಧ ಇಳಿದಿದ್ದೆವು, ಎಮ್ಮೆಗಳು ಅಡ್ಡ ಬಂದವು. ಬ್ರೇಕ್ ಒತ್ತಿದೆ. ಜೀಪು ನಿಲ್ಲಲು ನೋಡಿತು, ಟ್ರೈಲರ್ ಬಿಡಲಿಲ್ಲ. ಅಷ್ಟು ಭಾರವೂ ಹಿಂದಿನಿಂದ ನೂಕಿಕೊಂಡು ಬಂತು. ಜೀಪು ಓರೆಯಾಗಿ ರಸ್ತೆ ಬಿಟ್ಟು, ಕೊಯ್ಲು ಮುಗಿದಿದ್ದ ರಾಗಿ ಹೊಲಕ್ಕಿಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎಮ್ಮೆಗಳು ತಮ್ಮ ಪಾಡಿಗೆ ದಾಟಿಕೊಂಡು ಹೋದವು. ಅಕ್ಕ ಕೆಳಗಿಳಿದು ಟ್ರೈಲರಿನ ಚಕ್ರಗಳನ್ನೇ ನೋಡುತ್ತಾ ನಿಂತಳು.

"ಇದ್ಕೆ ಬ್ರೇಕ್ ಐತೆ ಅಂದಿದ್ದ ಕಣೇ ಮಾರ್ದೋನು," ಅಂದಳು.

ಇದ್ದದ್ದು ನಿಜ. ಫೋನ್ ಮಾಡಿ ಕೇಳಿದಾಗ ಮಾರಿದವನು ಬಿಡಿಸಿ ಹೇಳಿದ. ಟ್ರೈಲರಿನ ಚಕ್ರಗಳೊಳಗೆ ಕರೆಂಟಿನಿಂದ ಹಿಡಿಯುವ ಬ್ರೇಕ್ ಇದೆ, ಆದರೆ ಯಾವಾಗ ಹಿಡಿಯಬೇಕು, ಎಷ್ಟು ಹಿಡಿಯಬೇಕು ಅಂತ ಅದಕ್ಕೆ ತಿಳಿಸಲು ಜೀಪಿನೊಳಗೆ ಬ್ರೇಕ್ ಕಂಟ್ರೋಲರ್ ಅನ್ನುವ ಡಬ್ಬಿ ಬೇಕು. ತರಿಸಿದೆವು. ಅಂಗೈ ಅಗಲದ ಕಪ್ಪು ಡಬ್ಬಿ. ಮುಂದೆ ಎಷ್ಟು ಹಿಡಿಯಬೇಕೆಂದು ತಿರುಗಿಸಿಡುವ ಗುಂಡಿ, ಕೆಳಗೆ ಟ್ರೈಲರಿನ ಬ್ರೇಕನ್ನು ಕೈಯಿಂದಲೇ ಹಿಡಿಸಲು ಒಂದು ಸಣ್ಣ ಲಿವರ್, ಹಿಂದೆ ನಾಲ್ಕು ಬಣ್ಣದ ವೈರು.

ಹಾಸನದಲ್ಲಿ ಮೊದಲು ತೋರಿಸಿದ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ ನೋಡಿದವರೇ ಮತ್ತೆ ಮುಚ್ಚಿಬಿಟ್ಟರು. ಇಂಥ ಹಳೇ ಗಾಡಿಗೆ ಇದೆಲ್ಲ ಆಗುವ ಮಾತಲ್ಲ, ಮಾರಿ ಹೊಸದು ತಗೊಳ್ಳಿ ಅಂದರು. ಅಕ್ಕ ಅವರ ಹತ್ತಿರ ವಾದಕ್ಕಿಳಿಯಲಿಲ್ಲ. ಪಕ್ಕದ ಟೀ ಅಂಗಡಿಯಲ್ಲಿ ಕೂತು, ಬಂದವರನ್ನೆಲ್ಲ ವಿಚಾರಿಸಿ, ಹೊಳೆನರಸೀಪುರದಲ್ಲೊಬ್ಬರು ಇದ್ದಾರೆ ಅಂತ ಪತ್ತೆ ಮಾಡಿದಳು. ಐಟಿಐಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಈಗ ಮನೆ ಮುಂದೆಯೇ ಗಾಡಿಗಳ ವೈರಿಂಗ್ ಮಾಡುತ್ತಾರೆ. ಟ್ರೈಲರಿನ ಮೇಲಿದ್ದದ್ದನ್ನೆಲ್ಲ ಇಳಿಸಿ, ನಿಧಾನವಾಗಿ ಓಡಿಸಿಕೊಂಡು ಮಾರನೇ ದಿನ ಬೆಳಿಗ್ಗೆಯೇ ಅವರ ಮನೆ ಮುಂದೆ ನಿಂತೆವು.

ಊರೆಲ್ಲ ಅವರನ್ನು ಮೇಷ್ಟ್ರು ಅನ್ನುತ್ತಿತ್ತು, ನಾವೂ ಹಾಗೇ ಕರೆದೆವು. ಡಬ್ಬಿ ಕೈಗೆ ಬಂದದ್ದೇ ಅವರ ಮುಖ ಅರಳಿತು. ಇದರ ವಿಷಯ ಓದಿದ್ದೇನೆ, ಮುಟ್ಟಿ ನೋಡುತ್ತಿರುವುದು ಇವತ್ತೇ ಅಂದರು. ನನಗಿದ್ದ ನಂಬಿಕೆಯೂ ಹೋಯಿತು. ಅಕ್ಕನಿಗೆ ಮಾತ್ರ ಆ ಮಾತಿನಿಂದಲೇ ಧೈರ್ಯ ಬಂತು. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವವರು ನೋಡಿಕೊಂಡು ಮಾಡುತ್ತಾರೆ ಅಂತ ನನ್ನ ಕಿವಿಯಲ್ಲಿ ಹೇಳಿದಳು.

ಮೇಷ್ಟ್ರು ಸೀಮೆಸುಣ್ಣ ತಂದು ಜಗಲಿಯ ಮೇಲೆ ಜೀಪು, ಟ್ರೈಲರ್ ಎರಡನ್ನೂ ಬರೆದರು. ಬ್ರೇಕ್ ಮೇಲೆ ಕಾಲಿಟ್ಟಾಗ ಹಿಂದಿನ ಕೆಂಪು ದೀಪ ಹತ್ತುತ್ತದಲ್ಲ, ಆ ದೀಪದ ವೈರಿನಿಂದಲೇ ಡಬ್ಬಿಗೆ ಸುದ್ದಿ ಮುಟ್ಟಬೇಕು, ಡಬ್ಬಿ ಟ್ರೈಲರಿನ ಚಕ್ರಗಳಿಗೆ ಕರೆಂಟು ಬಿಡಬೇಕು ಅಂತ ಗೆರೆ ಎಳೆದು ತೋರಿಸಿದರು. ನಲವತ್ತು ವರ್ಷ ಹತ್ತಿರವಾದ ನನಗೆ ಅವತ್ತು ಮೊದಲ ಸಲ ಕರೆಂಟು ಅರ್ಥವಾಯಿತು. ಆಮೇಲೆ ನಾನು ಸುಮ್ಮನೆ ನೋಡುತ್ತಾ ಕೂರಲಿಲ್ಲ. ಸ್ಟೇರಿಂಗ್ ಕೆಳಗೆ ಅಂಗಾತ ಮಲಗಿ ಟಾರ್ಚ್ ಹಿಡಿದೆ, ವೈರು ದಾಟಿಸಿದೆ, ಡಬ್ಬಿಗೆ ಬೋಲ್ಟ್ ಬಿಗಿದೆ. ತಲೆಯ ಮೇಲೆ ಅಷ್ಟು ವರ್ಷಗಳ ಧೂಳು ಉದುರಿತು.

ಮಧ್ಯಾಹ್ನ ಟ್ರೈಲರಿಗೆ ಜಾಕ್ ಕೊಟ್ಟು ಒಂದು ಚಕ್ರ ಎತ್ತಿದೆವು. ನಾನು ಚಕ್ರ ತಿರುಗಿಸಬೇಕು, ಅಕ್ಕ ಜೀಪಿನಲ್ಲಿ ಕೂತು ಲಿವರ್ ಒತ್ತಬೇಕು. ತಿರುಗಿಸಿದೆ, ಒತ್ತಿದಳು. ಚಕ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಇನ್ನೊಂದು ಸಲ, ಮತ್ತೊಂದು ಸಲ. ಒಳಗಿಂದ ಸಣ್ಣಗೆ ಗುಂಯ್ ಅನ್ನುತ್ತಿತ್ತೇ ಹೊರತು ಹಿಡಿಯಲಿಲ್ಲ. ಹಾಸನದವರು ಹೇಳಿದ್ದೇ ನಿಜವೇನೋ ಅನ್ನಿಸಿತು.

ಮೇಷ್ಟ್ರು ಮೀಟರ್ ಹಿಡಿದು ಸುಮಾರು ಹೊತ್ತು ಅಲ್ಲಿ ಇಲ್ಲಿ ಮುಟ್ಟಿಸಿದರು. ಕೊನೆಗೆ ಜೀಪಿನ ಚಾಸಿಯನ್ನು ಉಗುರಿನಿಂದ ಕೆರೆದರು. ಹಾಳೆ ಹಾಳೆಯಾಗಿ ತುಕ್ಕು ಕಿತ್ತುಬಂತು.

"ನೋಡವ್ವ, ತಪ್ಪು ಡಬ್ಬೀದಲ್ಲ," ಅಂದರು. "ಕರೆಂಟು ಓಗೋಕೆ ದಾರಿ ಐತೆ, ವಾಪಸ್ ಬರೋಕೆ ಇಲ್ಲ. ಅರ್ತಿಂಗ್ ಕೆಟ್ಟೋಗೈತೆ."

ತುಕ್ಕು ಹಿಡಿದ ಕಬ್ಬಿಣವನ್ನು ನಂಬುವುದು ಬೇಡವೆಂದು, ಟ್ರೈಲರಿನಿಂದ ಸೀದಾ ಬ್ಯಾಟರಿಯವರೆಗೆ ದಪ್ಪನೆಯ ವೈರೊಂದನ್ನು ಎಳೆದರು. ನಾನು ಮತ್ತೆ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತೆ. ಎರಡೂ ಕೈಯಿಂದ ಜೋರಾಗಿ ತಿರುಗಿಸಿ ಬಿಟ್ಟೆ.

ಟಕ್ ಅಂತ ನಿಂತಿತು.

ನಾನು ಎದ್ದು ಕುಣಿದೇಬಿಟ್ಟೆನಂತೆ, ನನಗೆ ನೆನಪಿಲ್ಲ. ಅಕ್ಕ ಏನಾಯಿತು ಏನಾಯಿತು ಅಂತ ಜೀಪಿನಿಂದ ಇಳಿದು ಓಡಿ ಬಂದಳು. ಅವಳು ಲಿವರ್ ಬಿಟ್ಟದ್ದರಿಂದ ಚಕ್ರ ಮತ್ತೆ ಸಡಿಲವಾಗಿತ್ತು. ಈ ಸಲ ಮೇಷ್ಟ್ರೇ ಲಿವರ್ ಒತ್ತಿದರು, ತಿರುಗುತ್ತಿದ್ದ ಚಕ್ರ ನಿಲ್ಲುವುದನ್ನು ಅವಳೂ ನೋಡಿದಳು. ಇನ್ನೊಂದು ಸಲ ಅಂದಳು. ಆಮೇಲೆ ಇನ್ನೊಂದು ಸಲ. ಮೇಷ್ಟ್ರ ಹೆಂಡತಿ ಮಜ್ಜಿಗೆ ತಂದವರು ಲೋಟಗಳನ್ನು ಕೆಳಗಿಟ್ಟು ತಾವೂ ಒಮ್ಮೆ ತಿರುಗಿಸಿದರು.

ರಸ್ತೆಯ ಪರೀಕ್ಷೆ ಬಾಕಿಯಿತ್ತು. ಭಾರಕ್ಕೆಂದು ಟ್ರೈಲರಿನಲ್ಲಿ ಮರಳಿನ ಚೀಲ ಹೇರಿ, ಮೇಷ್ಟ್ರನ್ನು ಪಕ್ಕ ಕೂರಿಸಿಕೊಂಡು ಊರಾಚೆಯ ಖಾಲಿ ರಸ್ತೆಗೆ ಹೋದೆ. ಅಕ್ಕ ಹಿಂದಿನ ಸೀಟಿನಲ್ಲಿದ್ದಳು. ಮೊದಲ ಸಲ ಗುಂಡಿಯನ್ನು ಜಾಸ್ತಿ ತಿರುಗಿಸಿದ್ದೆವು; ಟ್ರೈಲರಿನ ಚಕ್ರ ಕಚ್ಚಿಕೊಂಡು ಟೈರು ಸುಟ್ಟ ವಾಸನೆ ಬಂತು. ಕಡಿಮೆ ಮಾಡಿದರೆ ಮತ್ತೆ ನೂಕುತ್ತಿತ್ತು. ಒಂದೊಂದೇ ಗೆರೆ ಹೆಚ್ಚಿಸುತ್ತಾ ಹೋದೆವು. ಎಷ್ಟನೆಯ ಸಲವೋ ಗೊತ್ತಿಲ್ಲ, ಬ್ರೇಕ್ ಒತ್ತಿದಾಗ ಜೀಪೂ ಟ್ರೈಲರೂ ಒಟ್ಟಿಗೆ, ಒಂದೇ ಗಾಡಿಯ ಹಾಗೆ ಮೆತ್ತಗೆ ನಿಂತವು. ಹಿಂದಿನಿಂದ ನೂಕಲಿಲ್ಲ, ಜಗ್ಗಲಿಲ್ಲ. ಅಕ್ಕ ಹಿಂದಿನಿಂದಲೇ ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

ಮುಂದಿನ ವಾರ ಗಾಣ ಹೇರಿಕೊಂಡು ದುದ್ದ ಅನ್ನುವ ಊರಿಗೆ ಹೋದೆವು. ನಾವು ಹೋಗುವಷ್ಟರಲ್ಲಿ ಹೆಂಗಸರು ಮೂಟೆಗಳ ಪಕ್ಕ ಕಾದು ಕೂತಿದ್ದರು. ಅಕ್ಕ ಜನರೇಟರ್ ಚಾಲೂ ಮಾಡಿದಳು, ಬಿಸಿಲಲ್ಲಿ ಹುಚ್ಚೆಳ್ಳಿನ ಘಮ ಎದ್ದಿತು. ನನಗೆ ಮಾತ್ರ ಬ್ರೇಕಿನ ಕಥೆ ಯಾರಿಗಾದರೂ ಹೇಳದೆ ತಡೆಯಲಾಗಲಿಲ್ಲ. ಸಾಲಿನಲ್ಲಿ ಮುಂದೆ ಕೂತಿದ್ದ ಒಬ್ಬ ಅಜ್ಜಿಗೆ ಡಬ್ಬಿ, ಲಿವರ್, ಅರ್ತಿಂಗ್ ಎಲ್ಲವನ್ನೂ ತೋರಿಸಿ ವಿವರಿಸಿದೆ. ಆಕೆ ತಲೆದೂಗುತ್ತಾ ಪೂರ್ತಿ ಕೇಳಿಸಿಕೊಂಡರು.

"ಚೆನ್ನಾಗೈತೆ ಕಣವ್ವ," ಅಂದರು. "ನಮ್ ಎಳ್ಳು ಯಾವಾಗ ಆಕ್ತೀರಾ?"