ಫೋನ್ ಬೂತಿನೊಳಗಿನ ಬಿಸಿಲು

ಮೊನ್ನೆ ನಾವಿರುವ ಈ ಪರದೇಶದ ಪಟ್ಟಣದಲ್ಲಿ, ಡೆನ್ನಿ ಟ್ರಯಾಂಗಲ್‌ನ ಒಂದು ಗಾಜಿನ ಕಟ್ಟಡಕ್ಕೆ ಹಳೆಯ ಮೇಜುಗಳ ವ್ಯವಹಾರಕ್ಕೆಂದು ಹೋಗಿದ್ದೆ. ಬರಬೇಕಾದವರು ಇನ್ನೂ ಬಂದಿರಲಿಲ್ಲ. ಕಾನ್ಫರೆನ್ಸ್ ರೂಮಿನಲ್ಲಿ ಒಬ್ಬನೇ ಸುಮ್ಮನೆ ಕುಳಿತಿದ್ದೆ ನೋಡಿ, ಟಪ್ಪನೆ ದೀಪ ಆರಿತು. ಇಲ್ಲಿನ ಆಫೀಸುಗಳ ನ್ಯಾಯವೇ ಹಾಗೆ: ಅಲುಗಾಡುತ್ತಿದ್ದರೆ ಮಾತ್ರ ಮನುಷ್ಯ ಇದ್ದಾನೆಂದು ಲೆಕ್ಕ. ಯೋಚಿಸುತ್ತ ಕುಳಿತವನು ಗೋಡೆಯ ಸೆನ್ಸರಿನ ಪಾಲಿಗೆ ಇಲ್ಲವೇ ಇಲ್ಲ. ಬೇರೆಯವರಾಗಿದ್ದರೆ ಕೈ ಬೀಸಿ ದೀಪ ಹೊತ್ತಿಸಿಕೊಳ್ಳುತ್ತಿದ್ದರು. ನನಗೆ ಆ ಕತ್ತಲಲ್ಲಿ ಕೆಂಚ, ಕೆಂಚಿಯರ ನೆನಪಾಗಿ ನಗು ಬಂತು.

ಅವು ನಮ್ಮ ಮನೆಯ ಎರಡು ಉಡಗಳು. ಗಾಬರಿಯಾಗಬೇಡಿ. ಸೊಂಟಕ್ಕೆ ಹಗ್ಗ ಬಿಗಿದು ಕೋಟೆ ಗೋಡೆ ಹತ್ತಿಸುತ್ತಿದ್ದರು ಎನ್ನುತ್ತಾರಲ್ಲ, ಆ ಜಾತಿಯಲ್ಲ. ಆಸ್ಟ್ರೇಲಿಯಾ ಮೂಲದ, ಮೊಳದುದ್ದದ, ಮುಳ್ಳುಬಾಲದ ಕೆಂಪು ಉಡಗಳು. ಇವುಗಳನ್ನು ಸಾಕಿದ್ದವನು ಟೋಟೆಮ್ ಲೇಕ್‌ನ ಅಪಾರ್ಟ್‌ಮೆಂಟಿನಲ್ಲಿದ್ದ ಉಡುಪಿ ಕಡೆಯ ಹುಡುಗ ಪ್ರಸನ್ನ. ಬೇರೆ ಊರಿಗೆ ಕೆಲಸ ಬದಲಾಗಿ ಮನೆ ಖಾಲಿ ಮಾಡುತ್ತಿದ್ದ. ನಾನು ಹೋಗಿದ್ದು ಅವನ ಸೋಫಾ ನೋಡಲು.

ಸೋಫಾದ ಕಾಲು ಅಲ್ಲಾಡುತ್ತಿದೆ, ಬಣ್ಣ ಮಾಸಿದೆ ಎಂದೆಲ್ಲ ನನ್ನ ಎಂದಿನ ಮಂತ್ರ ಶುರುಮಾಡಿದ್ದೆ. ಆಗ ಗಾಜಿನ ಹಿಂದಿನಿಂದ ಕೆಂಚ ಕತ್ತೆತ್ತಿದ. ತಲೆ ಓರೆ ಮಾಡಿ, ನಾಲಿಗೆ ಚಾಚಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಚಿಕ್ಕಪೇಟೆಯ ಅಂಗಡಿಯಲ್ಲಿ ಸೀರೆ ನೋಡುವ ಹೆಂಗಸರು ‘ಬೇರೆ ತೋರಿಸಿ’ ಎಂದು ಮುಖ ತಿರುಗಿಸುತ್ತಾರಲ್ಲ, ಹಾಗೆ ತಿರುಗಿಸಿಬಿಟ್ಟ. ರಸ್ತೆಬದಿಯಲ್ಲಿ ಯಾರೋ ಎಸೆದಿದ್ದ ಮುರಿದ ಕುರ್ಚಿಯಿಂದ ವ್ಯಾಪಾರ ಶುರುಮಾಡಿ ಈ ಮಟ್ಟಕ್ಕೆ ಬಂದವನು ನಾನು. ನನ್ನನ್ನು ಯಾರೂ ಹೀಗೆ ನಿರ್ದಾಕ್ಷಿಣ್ಯವಾಗಿ ಅಳೆದು ಬೇಡವೆಂದಿರಲಿಲ್ಲ. ಅಲ್ಲೇ ಸೋತೆ. ಸೋಫಾ ಬಿಟ್ಟು ಉಡ ಕೇಳಿದೆ.

“ಕೊಡ್ಲಿಕ್ಕೆ ತೊಂದರೆ ಇಲ್ಲ ಅಂಕಲ್,” ಎಂದ ಪ್ರಸನ್ನ. “ಆದ್ರೆ ಅವಕ್ಕೆ ಸರಿಯಾದ ಮನೆ ಬೇಕು. ಒಂದು ಬದಿ ಸುಡುವ ಬಿಸಿಲು, ಇನ್ನೊಂದು ಬದಿ ತಂಪು. ತೋಡ್ಲಿಕ್ಕೆ ಮೊಣಕೈ ಆಳದ ಮಣ್ಣು, ಅದ್ರಲ್ಲಿ ಪಸೆ. ಊರು ಬಿಡುವ ಮೊದಲು ನಾನೇ ಬಂದು ನೋಡ್ತೇನೆ. ಸರಿ ಇಲ್ಲದಿದ್ರೆ ವಾಪಸ್. ಸ್ಪೋಕೇನ್‌ನಲ್ಲಿ ಒಬ್ಬರು ಆಗಿಂದ ಕೇಳ್ತಾ ಇದ್ದಾರೆ.”

ಇಲ್ಲಿ ಒಂದು ಬುದ್ಧಿಮಾತು. ಪ್ರಾಣಿಯನ್ನು ತರುವ ಮೊದಲು ಮನೆ ಕಟ್ಟಿ. ಹೆಣ್ಣು ನೋಡಿ ಬಂದ ಮೇಲೆ ಮನೆಗೆ ಸುಣ್ಣ ಬಳಿಯಬಹುದು, ಉಡ ತಂದ ಮೇಲೆ ಆಗುವುದಿಲ್ಲ. ನಾನಂತೂ ಹಾಗೆ ಮಾಡಲಿಲ್ಲ. ಏಕೆಂದರೆ ಮನೆ ಸಿದ್ಧವಾಗೇ ಇದೆಯೆಂದು ನಂಬಿದ್ದೆ. ಮುಚ್ಚುವ, ಜಾಗ ಬದಲಿಸುವ ಕಂಪನಿಗಳಿಂದ ಪೀಠೋಪಕರಣ ಕೊಂಡು ನಾರ್ತ್ ಕ್ರೀಕ್‌ನ ಶೆಡ್ಡಿನಲ್ಲಿಟ್ಟು ಮಾರುವುದು ನನ್ನ ಕಸುಬು. ಅಲ್ಲಿ ಒಂದು ಫೋನ್ ಬೂತು ಗಿರಾಕಿಯಿಲ್ಲದೆ ಬಿದ್ದಿತ್ತು. ಆಫೀಸಿನವರು ಒಳಹೊಕ್ಕು ಬಾಗಿಲು ಹಾಕಿಕೊಂಡು ಮೀಟಿಂಗಿನಲ್ಲಿ ಕಿರುಚುತ್ತಾರಲ್ಲ, ಆ ಗಾಜಿನ ಗೂಡು. ಗೋಡೆಗೆ ದಪ್ಪ ಮೆತ್ತೆ, ಒಳಗೇ ಫ್ಯಾನು, ಒಳಗೇ ಸಾಕೆಟ್ಟು. ಅಡ್ಡ ಮಲಗಿಸಿ, ಮಣ್ಣು ತುಂಬಿ, ಒಂದು ತುದಿಗೆ ಬಿಸಿ ಲ್ಯಾಂಪು ಸಿಕ್ಕಿಸಿದರೆ ಅರಮನೆ! ಬೂತನ್ನು ಮನೆಗೆ ಸಾಗಿಸಿ ಹಾಗೇ ಮಾಡಿದೆ, ಉಡಗಳನ್ನೂ ತಂದೆ.

“ರೀ, ಮಾರಕ್ಕಾಗದ ಬೂತಿಗೆ ಬಾಡಿಗೆದಾರರನ್ನ ಹುಡುಕ್ಕೊಂಡು ಬಂದಿದೀರಾ?” ಎಂದಳು ಹೆಂಡತಿ ಸುಮಾ.

ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯ ಚಿಂತೆ ಬೇರೆ. “ಹಲ್ಲಿ ಎಲ್ಲಿ ಬಿದ್ರೆ ಏನು ಫಲ ಅಂತ ಪಂಚಾಂಗದಲ್ಲಿದೆ. ಉಡ ಬಿದ್ರೆ ಏನೂಂತ ಬರೆದೇ ಇಲ್ವಲ್ಲ?”

“ಉಡ ತಲೆ ಮೇಲೆ ಬಿದ್ರೆ ಫಲ ಓದೋಕೆ ಯಾರಮ್ಮ ಉಳಿದಿರ್ತಾರೆ?” ಎಂದಳು ಸುಮಾ.

ಆದರೂ ಕೆಂಚ, ಕೆಂಚಿ ಎಂದು ಹೆಸರಿಟ್ಟವರು ಅತ್ತೆಯೇ. ಹೊರಗೆ ಮೋಡ ಮುಸುಕಿದ ಆಕಾಶ, ಮನೆಯೊಳಗೂ ಚಳಿ. ಬೂತಿಟ್ಟ ಕೆಳಗಿನ ಕೋಣೆಯಲ್ಲಾದರೆ ಕಾಲಿಗೆ ಬೆಚ್ಚಗಿರುತ್ತದೆಂದು ಜಪಸರ ಹಿಡಿದು ಅಲ್ಲೇ ಕುಳಿತುಕೊಳ್ಳತೊಡಗಿದರು.

ಉಡಗಳು ಮಾತ್ರ ಮಣ್ಣಿನೊಳಗೆ ಹೊಕ್ಕವು ಹೊರಬರಲಿಲ್ಲ. ತಿನ್ನಲೆಂದು ಬಿಟ್ಟ ಹುಳುಗಳು ಅಲ್ಲೇ ಸಂಸಾರ ಹೂಡಿ ಸಂಗೀತ ಶುರುಮಾಡಿದವು. ನಾನು ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದೆ. ನೋಡಿದಾಗಲೆಲ್ಲ ಲ್ಯಾಂಪು ಝಗಝಗ ಉರಿಯುತ್ತಿತ್ತು. ಬಲ್ಬು ಬದಲಿಸಿದೆ. ಮಣ್ಣು ಬದಲಿಸಿದೆ. ಕೆಂಚನನ್ನು ಅಗೆದು ತೆಗೆದು ಅಂಗೈಯಲ್ಲಿಟ್ಟುಕೊಂಡರೆ ಫ್ರಿಜ್ಜಿನಲ್ಲಿಟ್ಟ ಸೌತೆಕಾಯಿಯಷ್ಟು ತಣ್ಣಗಿದ್ದ. ನನ್ನನ್ನು ಅಳೆದಿದ್ದ ಆ ಕಣ್ಣು ಮುಚ್ಚಿತ್ತು. ಸುಮಾ ಕಾಣದಂತೆ ಕಣ್ಣೊರೆಸಿಕೊಂಡೆ. ಮಣ್ಣಿನ ಧೂಳು, ಬೇರೇನಲ್ಲ.

ಪ್ರಸನ್ನ ಬರುವ ದಿನ ಬೆಳಿಗ್ಗೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ಅತ್ತೆ ಮೆಲ್ಲನೆ ಹೇಳಿದರು: “ಅಳಿಯಂದಿರು ತಪ್ಪು ತಿಳ್ಕೋಬಾರ್ದು. ಪಾಪ, ಅವಕ್ಕೆ ಇಡೀ ದಿನ ಬಿಸಿಲು ಕೊಟ್ರೆ ಆಗಲ್ವಾ? ನೀವು ಬಂದಾಗ ಮಾತ್ರ ಯಾಕೆ?”

“ಅಂದ್ರೆ?”

“ನಾನು ಜಪಕ್ಕೆ ಕೂತು ಸ್ವಲ್ಪ ಹೊತ್ತಿಗೆ ಆರಿಹೋಗುತ್ತೆ. ಎದ್ರೆ ಹತ್ಕೊಳುತ್ತೆ. ಕರೆಂಟ್ ಉಳಿಸೋಕೆ ನೀವೇ ಮಾಡ್ಸಿದೀರಿ ಅಂದ್ಕೊಂಡೆ.”

ಬೂತಿನ ಸೆನ್ಸರು! ಯಾರಾದರೂ ಕದಲಿದರೆ ಮಾತ್ರ ಅದು ಒಳಗಿನ ಸಾಕೆಟ್ಟಿಗೆ ಕರೆಂಟು ಬಿಡುತ್ತದೆ. ಬಿಸಿಲು ಕಾಯುವ ಉಡ ಕದಲುವುದಿಲ್ಲ. ಕದಲದಿದ್ದರೆ ಬಿಸಿಲಿಲ್ಲ. ಬಿಸಿಲಿಲ್ಲದಿದ್ದರೆ ಕದಲಲು ತ್ರಾಣವಿಲ್ಲ. ನಾನು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಸೂರ್ಯೋದಯ, ನನ್ನ ಬೆನ್ನು ತಿರುಗಿದರೆ ಸಂಜೆ. ಮಾನ ಉಳಿಸಿಕೊಂಡವರಿದ್ದಾರೆ, ಹಣ ಉಳಿಸಿಕೊಂಡವರಿದ್ದಾರೆ. ಜಿಪುಣನೆಂಬ ಖ್ಯಾತಿಯಿಂದ ಎರಡು ಜೀವ ಕಳೆಯಲು ಹೊರಟವನು ನಾನೊಬ್ಬನೇ.

ಆಮೇಲೆ ನಡೆದದ್ದನ್ನು ನೀವು ನಂಬುವುದು ಕಷ್ಟ. ಕೈ ಬೀಸುತ್ತ ನಿಂತೆ. ಕೈ ಸೋತಾಗ ಸುಮಾ ನಿಂತಳು. ಅವಳು ಸೋತಾಗ ಅತ್ತೆ ಸೆರಗು ಸಿಕ್ಕಿಸಿಕೊಂಡು, ಆರತಿ ತಟ್ಟೆಯಿಲ್ಲದೆ ಆರತಿ ಎತ್ತಿದರು. ಮಧ್ಯಾಹ್ನದ ಹೊತ್ತಿಗೆ ಮಣ್ಣು ಸರಿಯಿತು. ಕೆಂಚಿಯ ಮೂತಿ ಕಂಡಿತು, ಹಿಂದೆಯೇ ಕೆಂಚನದೂ. ಸಂತೋಷಕ್ಕೆ ಮೂವರೂ ಒಟ್ಟಿಗೆ ಕೈ ಬೀಸುತ್ತಿದ್ದೆವು. ಆಗಲೇ ತೆರೆದಿದ್ದ ಬಾಗಿಲಿನಿಂದ ಪ್ರಸನ್ನ ಒಳಗೆ ಬಂದ.

“ಇದೆಂತ ಮಾರಾಯ್ರೆ! ಟಾಟಾ ಮಾಡುದಾ ಅವಕ್ಕೆ?”

ವಿಷಯ ಹೇಳಿದೆವು. ಅವನು ನಗಲಿಲ್ಲ. ಬಗ್ಗಿ ಕೆಂಚನ ಹೊಟ್ಟೆ ಮುಟ್ಟಿ ನೋಡಿದ. ಆಮೇಲೆ ಪಕ್ಕದ ಗೋಡೆಯತ್ತ ಬೆರಳು ತೋರಿಸಿದ. ಲ್ಯಾಂಪಿನ ವಯರು ಆರಾಮಾಗಿ ಮುಟ್ಟುವ ದೂರದಲ್ಲಿ ನಮ್ಮ ಮನೆಯ ಸಾಕೆಟ್ಟಿತ್ತು.

“ಅಂಕಲ್, ಆ ಸಾಕೆಟ್ ಎಂತ ಬಾಡಿಗೆ ಕೇಳ್ತದಾ?”

ಬೂತಿನ ಜೊತೆ ಪುಕ್ಕಟೆ ಬಂದ ಸಾಕೆಟ್ಟನ್ನು ಬಿಡುವುದುಂಟೇ ಎಂದು ನಾನು ಗೋಡೆಯ ಕಡೆ ತಿರುಗಿಯೂ ನೋಡಿರಲಿಲ್ಲ.

ಪ್ರಸನ್ನ ಕೆಂಚನನ್ನು ಎತ್ತಿಕೊಂಡ. ವಾಪಸ್ ಒಯ್ಯುತ್ತಾನೆಂದುಕೊಂಡು ನಾನು ಬಾಗಿಲಿಗೆ ಅಡ್ಡ ನಿಂತೆ. “ಲ್ಯಾಂಪು ಗೋಡೆಗೆ, ಟೈಮರ್ ಹಾಕಿ. ಮಣ್ಣು ಒಣಗಿಸುವ ಆ ಫ್ಯಾನ್ ಮುಚ್ಚಿ. ಮಣ್ಣು ಇದ್ರ ಎರಡರಷ್ಟು. ಥರ್ಮಾಮೀಟರ್ ಹೊಸತೇ ಬೇಕು, ಹಳತು ಆಗುದಿಲ್ಲ. ಎಲ್ಲ ಇವತ್ತೇ. ಆಗದಿದ್ರೆ ಈಗಲೇ ಹೇಳಿ.”

“ಆಯ್ತು,” ಎಂದೆ.

ಅಷ್ಟೇ. ಎರಡನೆಯ ಮಾತಿಲ್ಲ. ಸುಮಾ ನನ್ನ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ,” ಎಂದು ಅಮ್ಮನಿಗೆ ವರದಿ ಕೊಟ್ಟಳು.

ಪ್ರಸನ್ನ ಕೆಂಚನನ್ನು ಬಿಸಿ ಕಲ್ಲಿನ ಮೇಲೆ ಬಿಟ್ಟ. “ಇಲ್ಲಿಯೇ ಇರ್ಲಿ. ಕೈ ಬೀಸ್ಲಿಕ್ಕೆ ಇಷ್ಟು ಜನ ನನ್ನ ಮನೆಯಲ್ಲಿ ಇರ್ಲಿಲ್ಲ.”

ಕಾನ್ಫರೆನ್ಸ್ ರೂಮಿನ ಕತ್ತಲಿಗೆ ವಾಪಸ್ ಬರೋಣ. ಮೇಜಿನ ಗಿರಾಕಿ ಇನ್ನೂ ಬಂದಿರಲಿಲ್ಲ. ಉಡದಿಂದ ಕಲಿತ ವಿದ್ಯೆ ಹೇಳುತ್ತೇನೆ, ವ್ಯಾಪಾರಕ್ಕೆ ಒದಗುತ್ತದೆ: ಕದಲದೆ ಕಾಯಿರಿ. ಕಾದೆ. ಆಗ ಜೇಬಿನಲ್ಲಿ ಫೋನ್ ಗುನುಗಿತು. ಮೈಸೂರಿನಿಂದ ಅತ್ತೆ. ಊರಿಗೆ ಮರಳಿದ ಮೇಲೂ ದಿನಾ ಮಲಗುವ ಮುಂಚೆ, ಇಲ್ಲಿ ಬೆಳಗಾಗುವ ಹೊತ್ತಿಗೆ, ಅವರದ್ದು ಒಂದೇ ಪ್ರಶ್ನೆ.

“ಬಿಸಿಲು ಬಂತಾ?”

ಫೋನ್ ಕಿವಿಗಿಡಲು ಕೈ ಎತ್ತಿದ್ದೆನಲ್ಲ, ರೂಮಿನ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡವು.

“ಬಂತು ಅತ್ತೆ,” ಎಂದೆ. “ಕೆಂಚ ಆಗಲೇ ಕಲ್ಲು ಹತ್ತಿರ್ತಾನೆ. ಮಲಕ್ಕೊಳಿ.”